ಅವ್ವನ ತಾಟಿನ ಕಾವಲು

ಬೈಲಹೊಂಗಲದ ನಮ್ಮ ಹಳೆಯ ಮನೆಯ ಮಾತು ಬಂದಾಗ ಎದುರಿಗಿದ್ದವರು ನನ್ನ ಮುಖದಲ್ಲಿ ಏನೋ ಹಂಬಲ ಹುಡುಕುತ್ತಾರೆ. ಸಿಗುವುದಿಲ್ಲ. ಆ ಮನೆಯನ್ನು ಕೆಡವಿ ಯಾರೋ ಬೀಜ-ಗೊಬ್ಬರದ ಅಂಗಡಿ ಕಟ್ಟಿದರೆಂಬ ಸುದ್ದಿ ಬಂದ ದಿನ ನಾನು ಸಕ್ಕರೆ ಹೆಚ್ಚು ಹಾಕಿ ಚಹಾ ಕಾಸಿಕೊಂಡು ಕುಡಿದೆ. ಮಣ್ಣಿನ ಗೋಡೆಗಳಿಗೆ ಪಾಪ ಏನು ಗೊತ್ತು ಅನ್ನುತ್ತಾರೆ. ಆ ಗೋಡೆಗಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನೆ ನಿಂತಿದ್ದವು, ನಮ್ಮಪ್ಪನ ಹಾಗೆ.

ಮನೆ ದೊಡ್ಡದೇನಲ್ಲ. ಬೀದಿಗೆ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಎಡಕ್ಕೆ ಹೊಗೆ ಹಿಡಿದ ಅಡಿಗೆಮನೆ, ಹಿಂದೆ ಬಚ್ಚಲು ಮತ್ತು ಒಂದು ಬೇವಿನ ಗಿಡವಿದ್ದ ಹಿತ್ತಲು. ಇದ್ದವರು ನಾಲ್ಕೇ ಮಂದಿ. ಅಪ್ಪ ಊರಿನ ಹತ್ತಿ ಜಿನ್ನಿನಲ್ಲಿ ಕೆಲಸಕ್ಕಿದ್ದ. ಸಂಜೆ ಮೈಗೆಲ್ಲ ಹತ್ತಿಯ ಎಳೆ ಅಂಟಿಸಿಕೊಂಡು ಬಂದು, ಕೈಕಾಲು ತೊಳೆದು, ಉಂಡು, ಕಟ್ಟೆಯ ಮೇಲೆ ಕೂತುಬಿಟ್ಟರೆ ಮುಗಿಯಿತು. ಒಳಗೆ ಬೆಂಕಿ ಬಿದ್ದರೂ ಅವನು ಏಳುವವನಲ್ಲ. ಆಯಿ ಅಂದರೆ ಅಪ್ಪನ ಅವ್ವ. ಮನೆ ಅವಳದು, ಮಾತು ಅವಳದು. ನಮ್ಮವ್ವ ಅವಳಿಗೆ ಬರೀ ಸೊಸೆಯಲ್ಲ, ಒಡಹುಟ್ಟಿದ ಅಣ್ಣನ ಮಗಳು. ತವರಿನ ನಂಟು ಕಡಿಯಬಾರದೆಂದು ಆಯಿಯೇ ಹಟ ಹಿಡಿದು ತೊರಗಲ್ಲಿನಿಂದ ತಂದುಕೊಂಡ ಸೊಸೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ನಮ್ಮ ಮನೆಯಲ್ಲಿ ಎಲ್ಲರೂ ಮರೆತದ್ದು ಇದನ್ನೇ. ನಾಲ್ಕನೆಯವಳು ನಾನು, ನಿಂಗಿ.

ಆಯಿ ಕೂರುತ್ತಿದ್ದದ್ದು ಪಡಸಾಲೆಗೂ ನಡುಮನೆಗೂ ನಡುವಿನ ಹೊಸ್ತಿಲ ಪಕ್ಕದಲ್ಲಿ. ಅಲ್ಲಿಂದ ಬೀದಿಯೂ ಕಾಣುತ್ತದೆ, ಒಲೆಯೂ ಕಾಣುತ್ತದೆ. ಕಡ್ಡಿಯಂಥ ಮೈ. ನಾಲ್ಕು ರೊಟ್ಟಿ ಉಂಡು ಮೇಲೆ ಅನ್ನ ಮಜ್ಜಿಗೆ ಉಂಡರೂ ಎಲುಬಿಗೆ ಮಾಂಸ ಹತ್ತದು. ಕಣ್ಣುಗಳು ಮಾತ್ರ ಮುಂದಕ್ಕೆ ಬಂದು, ರೆಪ್ಪೆ ಬಡಿಯದೆ ನೋಡುತ್ತಿದ್ದವು. ಓಣಿಯ ಮಕ್ಕಳು ಹಟ ಮಾಡಿದರೆ ತಾಯಂದಿರು ಅವಳ ಹೆಸರು ಹೇಳಿ ಹೆದರಿಸುತ್ತಿದ್ದರು. ಮಾಗಿಯ ಚಳಿಯಲ್ಲೂ ಅವಳಿಗೆ ಸೆಕೆ, ಬೀಸಣಿಗೆ ಕೈಬಿಟ್ಟದ್ದಿಲ್ಲ. ಬಸಿಯಲ್ಲಿ ಚಹಾ ಹಾಕಿ ಕೊಟ್ಟರೆ ಕೈ ನಡುಗಿ ಅರ್ಧ ಸೀರೆಗೆ ಚೆಲ್ಲುತ್ತಿತ್ತು, ಚೆಲ್ಲಿದ್ದಕ್ಕೆ ಬೈಗುಳ ಚಹಾ ಕೊಟ್ಟವರಿಗೆ. ಮಧ್ಯಾಹ್ನ ಅವಳ ಪಕ್ಕ ಮಲಗಿ ಎದೆಗೆ ಕಿವಿಯಿಟ್ಟರೆ ಹಿಟ್ಟಿನ ಗಿರಣಿಯ ಹಾಗೆ ಡಬಡಬ ಸದ್ದು ಕೇಳುತ್ತಿತ್ತು. ಎಲ್ಲ ಆಯಿಯರ ಎದೆಯೂ ಹಾಗೇ ಹೊಡೆದುಕೊಳ್ಳುತ್ತದೆ ಎಂದು ನಾನು ತಿಳಿದಿದ್ದೆ. ಸೆರಗನ್ನು ಯಾವಾಗಲೂ ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡೇ ಇರುತ್ತಿದ್ದಳು. ಸೆಕೆಯಲ್ಲಿ ಬೇಯುವವಳು ಕುತ್ತಿಗೆಯನ್ನೊಂದು ಯಾಕೆ ಮುಚ್ಚಿಕೊಳ್ಳುತ್ತಾಳೆಂದು ಯಾರೂ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿತ್ತು?

ಅವ್ವನ ಜಾಗ ಒಲೆಯ ಮುಂದೆ. ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸುವವರು ಆ ಓಣಿಯಲ್ಲಿ ಇರಲಿಲ್ಲ. ಇದನ್ನು ಮಗಳೆಂದು ಹೇಳುತ್ತಿಲ್ಲ, ನನ್ನ ಬಾಯಲ್ಲಿ ಹೊಗಳಿಕೆ ಸುಮ್ಮಸುಮ್ಮನೆ ಹೊರಡುವುದಿಲ್ಲ. ಪರಾತದಲ್ಲಿ ಜೋಳದ ಹಿಟ್ಟನ್ನು ಬಿಸಿನೀರಿಗೆ ಕಲಸಿ, ಅಂಗೈಯಲ್ಲಿ ತಿರುವುತ್ತ ಬಡಿದರೆ ರೊಟ್ಟಿ ದುಂಡಗೆ, ತೆಳ್ಳಗೆ, ಅಂಚು ಒಡೆಯದೆ ಹರಡುತ್ತಿತ್ತು. ಹಂಚಿನ ಮೇಲೆ ಉಬ್ಬಿದಾಗ ಒಳಗಿನ ಉಗಿ ಕಾಣುತ್ತಿತ್ತು. ಖಡಕ್ ರೊಟ್ಟಿಯಾದರೆ ಕೇಳುವುದೇ ಬೇಡ, ತಿಂಗಳಿಟ್ಟರೂ ಮುರಿದಾಗ ಅದೇ ಸದ್ದು. ನಮ್ಮ ಕಡೆ ಯಾರ ಮನೆಯಲ್ಲಿ ಲಗ್ನವಾದರೂ ಲಗ್ನದ ಮನೆಯವರು ಜೋಳದ ಹಿಟ್ಟನ್ನು ಓಣಿಯ ಮನೆಮನೆಗೆ ಹಂಚುತ್ತಾರೆ; ಆಯಾ ಮನೆಯ ಹೆಂಗಸರು ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಕಟ್ಟಿ ಕಳಿಸಬೇಕು. ನಮ್ಮ ಮನೆಗೆ ಯಾವಾಗಲೂ ಎರಡು ಪಾಲು ಹಿಟ್ಟು ಬರುತ್ತಿತ್ತು. ಅವ್ವನಿಗೆ ಊರಲ್ಲಿ ಇದ್ದ ಮರ್ಯಾದೆ ಅಷ್ಟೂ ಆ ಎರಡನೆಯ ಪಾಲಿನಲ್ಲಿತ್ತು.

ಮೊದಲ ಬಿಳಿ ಕಲೆ ಬಂದದ್ದು ಅವಳ ಬಲಗೈ ಬೆರಳಿನ ಗಂಟಿನ ಮೇಲೆ. ಹಿಟ್ಟು ಅಂಟಿದೆ ಎಂದುಕೊಂಡು ತೊಳೆದಳು, ಉಜ್ಜಿದಳು. ಎರಡು ತಿಂಗಳಲ್ಲಿ ಇನ್ನೊಂದು ಬೆರಳು, ಆಮೇಲೆ ತುಟಿಯ ಮೂಲೆ. ಒಂದು ಬೆಳಿಗ್ಗೆ ಆಯಿ ಒಲೆಯ ಮುಂದೆ ಬಂದು ನಿಂತು, ಅವ್ವನ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಹಂಚಿನ ಮೇಲೆ ರೊಟ್ಟಿ ಕರಿಕಾಗುತ್ತಿತ್ತು. ತೊನ್ನು ಎಂಬ ಶಬ್ದವನ್ನು ಆಯಿ ಬಾಯಿಬಿಟ್ಟು ಹೇಳಲಿಲ್ಲ, ಹೇಳಿದರೆ ಮನೆಗೆ ಹತ್ತುತ್ತದೆಂದು.

"ಈ ಕೈ ಇನ್ನ ಹಿಟ್ಟಿಗೆ ಹತ್ತಬಾರದು. ನಮ್ಮ ವಂಶದಾಗ ಇಂಥಾದ್ದಿಲ್ಲ. ನಿಮ್ಮವ್ವನ ಕಡಿಂದ ತಂದಿರಬೇಕ ನೀ."

ಅವ್ವ ಪರಾತದ ಮುಂದಿನಿಂದ ಎದ್ದಳು. ಅಪ್ಪ ಆ ಹೊತ್ತಿಗೆ ಊಟದ ಡಬ್ಬಿ ಒಯ್ಯಲು ಬಂದವನು, ಇಬ್ಬರನ್ನೂ ನೋಡಿ, ಡಬ್ಬಿ ಬಿಟ್ಟು ಹೋದ. ಆ ದಿನದಿಂದ ರೊಟ್ಟಿ ಬಡಿಯಲು ಆಯಿ ಕೂತಳು. ಅವಳ ನಡುಗುವ ಕೈಯಲ್ಲಿ ರೊಟ್ಟಿ ದೇವರ ಆಣೆಗೂ ದುಂಡಗಾಗಲಿಲ್ಲ. ದಪ್ಪ, ಹಸಿ, ಅಂಚೆಲ್ಲ ಹರಿದ ರೊಟ್ಟಿಯನ್ನು ನಾವು ಬಾಯಿ ಮುಚ್ಚಿಕೊಂಡು ತಿಂದೆವು. ಅವ್ವನಿಗೆ ಬೇರೆ ತಾಟು ಬಂತು. ಜರ್ಮನ್ ತಾಟು, ಅಂದರೆ ಅಲ್ಯೂಮಿನಿಯಂದು, ಹಗುರ, ಅಂಚಿಗೆ ನೆಗ್ಗು ಬಿದ್ದದ್ದು. ಅದನ್ನು ತೊಳೆದು ಹಿತ್ತಲ ಬೇವಿನ ಗಿಡದ ಬುಡಕ್ಕೆ ಬೋರಲು ಹಾಕಬೇಕು, ಅಡಿಗೆಮನೆಗೆ ತರುವಂತಿಲ್ಲ.

ಔಷಧಿಯೂ ನಡೆಯಿತು, ಇಲ್ಲ ಅನ್ನಬಾರದು. ನೇಸರಗಿಯ ಕಡೆಯ ಒಬ್ಬ ಬೇರು-ನಾರಿನವನು ಬಾವಂಚಿ ಬೀಜ ಅರೆದು ಹಚ್ಚಿಕೊಂಡು ಬಿಸಿಲಿಗೆ ಕೂರಲು ಹೇಳಿದ. ಅವ್ವ ಹಿತ್ತಲಲ್ಲಿ ಕೈಚಾಚಿ ಕೂತಳು, ಬೊಬ್ಬೆ ಎದ್ದು ನೀರು ಸುರಿಯಿತು, ಕಲೆ ಇದ್ದಲ್ಲೇ ಇತ್ತು. ಆಯಿ ಅವಳನ್ನು ಸವದತ್ತಿಗೆ ಕರೆದೊಯ್ದು ಜೋಗುಳಬಾವಿಯಲ್ಲಿ ಮೀಯಿಸಿದಳು. ಎಲ್ಲಮ್ಮನ ಮೈಗೆ ಹತ್ತಿದ ರೋಗ ಅಲ್ಲಿ ತೊಳೆದುಹೋಯಿತೆಂಬ ನಂಬಿಕೆ. ಹಿಂದಿರುಗುವಾಗ ಬಸ್ಸಿನಲ್ಲಿ ಆಯಿ ಒಂದು ಸೀಟಿನಲ್ಲಿ, ಅವ್ವ ನಾನು ಇನ್ನೊಂದರಲ್ಲಿ. ದೇವಿಗೂ ಬಂದಿತ್ತಂತೆ, ಆದರೆ ದೇವಿಯ ತಾಟನ್ನು ಯಾರೂ ಬೇವಿನ ಬುಡಕ್ಕೆ ಇಟ್ಟಿರಲಿಕ್ಕಿಲ್ಲ ಎಂದು ನಾನು ಈಗ ಅಂದುಕೊಳ್ಳುತ್ತೇನೆ; ಆಗ ನನಗೆ ಎಂಟು ವರ್ಷ, ಬತ್ತಾಸು ತಿನ್ನುತ್ತಿದ್ದೆ. ಕೊನೆಗೆ ಬೇರು-ನಾರಿನವನು ಪಥ್ಯ ಬಿಗಿ ಮಾಡಿದ. ಮೊಸರಿಲ್ಲ, ಹುಣಸೆಯಿಲ್ಲ, ಬದನೆಕಾಯಿಯಿಲ್ಲ. ಉಪ್ಪು ಪೂರ್ತಿ ಬಂದ್.

ಉಪ್ಪಿಲ್ಲದ ಊಟ ಉಣ್ಣುವವಳು ಸೊರಗಬೇಕು. ಅವ್ವ ದಪ್ಪಗಾದಳು. ಮುಖ ಬಾತಿತು, ಕಣ್ಣಿನ ಕೆಳಗೆ ಚೀಲ ಬಂತು, ಬಳೆ ಮುಂಗೈಗೆ ಬಿಗಿಯಾದವು. ದನಿ ಗೊಗ್ಗರಾಯಿತು. ಚೈತ್ರದ ಬಿಸಿಲಲ್ಲಿ ಕೌದಿ ಹೊದ್ದು ಕೂರುತ್ತಿದ್ದಳು. ಮಾತಾಡಿಸಿದರೆ ಉತ್ತರ ಬರುವಷ್ಟರಲ್ಲಿ ಕೇಳಿದವರಿಗೆ ಪ್ರಶ್ನೆಯೇ ಮರೆತಿರುತ್ತಿತ್ತು. ಕಾಳು ಹಸನು ಮಾಡುತ್ತ ಮೊರದ ಮೇಲೇ ತೂಕಡಿಸಿ ಬೀಳುತ್ತಿದ್ದಳು. ಬಾಚಣಿಗೆಯ ತುಂಬ ಕೂದಲು. ಇಷ್ಟೆಲ್ಲ ಕಣ್ಣೆದುರು ನಡೆಯುತ್ತಿದ್ದರೂ ಅದು ಇನ್ನೊಂದು ರೋಗವಿರಬಹುದೆಂದು ಒಬ್ಬರ ತಲೆಗೂ ಹೊಳೆಯಲಿಲ್ಲ. ಅವಳ ರೋಗ ಯಾವುದೆಂದು ಎಲ್ಲರಿಗೂ ಆಗಲೇ ಗೊತ್ತಿತ್ತಲ್ಲ, ಅದು ಕೈಮೇಲೆ ಕಾಣುತ್ತಿತ್ತು. ಉಳಿದದ್ದೆಲ್ಲ ಸೊಕ್ಕು, ಮೈಗಳ್ಳತನ. ಆಯಿ ತನ್ನ ಲೆಕ್ಕ ಮಾಡಿ ಒಂದು ತೀರ್ಮಾನಕ್ಕೆ ಬಂದಳು. ನನ್ನನ್ನು ಹೊಸ್ತಿಲ ಪಕ್ಕ ಕೂರಿಸಿಕೊಂಡು, ಒಂದು ಬೆಲ್ಲದ ಚೂರು ಬಾಯಿಗಿಟ್ಟು, ಕಿವಿಯಲ್ಲಿ ಹೇಳಿದಳು.

"ಉಪ್ಪಿಲ್ಲದ್ದು ಉಂಡ ಮೈ ಹಿಂಗ ಬರ್ತೈತೇನ? ಕದ್ದು ತಿನ್ನಾಕತ್ತಾಳ ನಿಮ್ಮವ್ವ. ಕಣ್ಣಿಟ್ಟು ನೋಡಿ ನನಗ ಹೇಳಬೇಕು. ನೀ ಶಾಣ್ಯಾಕಿ ಅದೀ."

ನಾನು ಶಾಣ್ಯಾಕಿಯಾದೆ. ಸಾಲೆಯಿಂದ ಬಂದ ಕೂಡಲೇ ಪಾಟಿಚೀಲ ಎಸೆದು ಕಾವಲು ಶುರು. ಅವ್ವ ಅಡಿಗೆಮನೆ ಗುಡಿಸಲು ಹೋದರೆ ಬಾಗಿಲ ಸಂದಿಯಲ್ಲಿ ನಾನು. ಅವ್ವ ಬಚ್ಚಲಿಗೆ ಹೋದರೆ ಹೊರಗೆ ನಿಂತು ಅಗಿಯುವ ಸದ್ದು ಕೇಳುತ್ತದೋ ಎಂದು ನಾನು. ಏನೂ ಸಿಗದ ದಿನ ಬೆಲ್ಲವೂ ಇಲ್ಲ. ಕೊನೆಗೊಂದು ದಿನ ಸಿಕ್ಕಿತು. ಅವ್ವ ಉಪ್ಪಿನ ಗಡಿಗೆಯ ಮುಂದೆ ಕೂತು ಒಂದೇ ಒಂದು ಹರಳುಪ್ಪನ್ನು ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ಅಷ್ಟು ಹಾಯಾದ ಅವ್ವನ ಮುಖವನ್ನು ನಾನು ಎಷ್ಟೋ ದಿನದಿಂದ ನೋಡಿರಲಿಲ್ಲ. ಓಡಿಹೋಗಿ ಹೇಳಿದೆ. ಆಯಿ ಬಂದು ಅವ್ವನ ದವಡೆ ಹಿಡಿದು ಬಾಯಿ ತೆರೆಸಿ, ಬೆರಳು ಹಾಕಿ ನೋಡಿದಳು. ಎತ್ತಿನ ಸಂತೆಯಲ್ಲಿ ಹಲ್ಲು ನೋಡುವ ಹಾಗೆ. ಅವ್ವ ಆಯಿಯನ್ನು ನೋಡಲಿಲ್ಲ, ಆಯಿಯ ಹೆಗಲಾಚೆ ನಿಂತಿದ್ದ ನನ್ನನ್ನು ನೋಡಿದಳು. ಬೆಲ್ಲ ಕೊಟ್ಟರು, ತಿಂದೆ. ಐವತ್ತು ವರ್ಷವಾಯಿತು, ನಾನು ಚಹಾಕ್ಕೂ ಬೆಲ್ಲ ಹಾಕಿಕೊಳ್ಳುವುದಿಲ್ಲ.

ಆ ಹೊತ್ತಿಗೆ ಮೇಲಿನ ಮನೆಯ ಗಿರಿಜವ್ವ ಕಾಕುವಿನ ಮಗನ ಲಗ್ನ ಬಂತು. ಗಿರಿಜವ್ವ ಕಾಕು ಓಣಿಯ ದೊಡ್ಡ ಮನೆಯವಳು. ಯಾರ ಮನೆಗೆ ಬಾಗಿನ, ಯಾರ ಮನೆಗೆ ಬರೀ ನಗು ಎಂಬುದನ್ನು ತೀರ್ಮಾನಿಸುವವಳು. ಅವ್ವನಿಗೆ ಕಲೆ ಬಂದದ್ದು ಅವಳಿಗೆ ಗೊತ್ತಿತ್ತು. ಆದರೆ ಒಲೆ ಈಗ ಆಯಿಯ ಕೈಯಲ್ಲಿದೆ ಎಂದೂ ಗೊತ್ತಿತ್ತು. ಯಾವಾಗಿನಂತೆ ಎರಡು ಪಾಲು ಹಿಟ್ಟು ಕಳಿಸಿದಳು. ಹಿಟ್ಟು ವಾಪಸ್ಸು ಕಳಿಸಿದರೆ ಮನೆತನ ಹೋಯಿತು. ಆಯಿಯ ದಪ್ಪ ರೊಟ್ಟಿ ಕಳಿಸಿದರೂ ಹೋಯಿತು. ಆಯಿ ಒಂದು ಇಡೀ ಬೆಳಿಗ್ಗೆ ಪರಾತದೊಂದಿಗೆ ಜಗಳವಾಡಿದಳು. ಮಧ್ಯಾಹ್ನ ಮುಂಬಾಗಿಲ ಅಗಳಿ ಹಾಕಿ, ಅಡಿಗೆಮನೆಯ ಬೆಳಕಿಂಡಿಗೆ ಗೋಣಿ ತುರುಕಿ, ಅವ್ವನನ್ನು ಕರೆದು ಹಿಟ್ಟಿನ ಮುಂದೆ ಕೂರಿಸಿದಳು. ಯಾವ ಕೈ ಹಿಟ್ಟಿಗೆ ಹತ್ತಬಾರದೆಂದಿದ್ದಳೋ ಅದೇ ಕೈ.

ಅವ್ವ ಎರಡು ದಿನ ಬಡಿದಳು. ನಡುನಡುವೆ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು, ಆಯಿ ಸೌಟಿನಿಂದ ತಿವಿದು ಎಬ್ಬಿಸುತ್ತಿದ್ದಳು. ಆದರೂ ರೊಟ್ಟಿ ಮೊದಲಿನ ಹಾಗೇ ದುಂಡಗೆ ಬಂದವು. ನಾನು ಒಂದೊಂದನ್ನೇ ಎತ್ತಿ ಅರಿವೆಯ ಮೇಲೆ ಒಣಹಾಕಿದೆ. ಯಾರಿಗೂ ಹೇಳಬಾರದೆಂದು ಆಯಿ ನನಗೆ ಹೇಳಿದಳೇ? ಇಲ್ಲ. ಹೇಳಬೇಕೆನ್ನಿಸಲಿಲ್ಲವೇನೋ, ನಾನು ಅವಳ ಕಡೆಯವಳಲ್ಲವೇ. ಆಯಿಯೂ ತಾನು ಉಣ್ಣಲು ಅದರಲ್ಲಿ ಒಂದು ರೊಟ್ಟಿ ತೆಗೆದುಕೊಳ್ಳಲಿಲ್ಲ. ಊರವರ ಹೊಟ್ಟೆಗೆ ಹೋಗಲಿ, ತನ್ನ ಹೊಟ್ಟೆಗೆ ಬೇಡ.

ಲಗ್ನದ ದಿನ ಪಂಕ್ತಿಯಲ್ಲಿ ಕೂತಿದ್ದೆ. ಗಿರಿಜವ್ವ ಕಾಕು ಬೀಗರ ಮುಂದೆ ನಮ್ಮ ಅರಿವೆಯ ಗಂಟು ಬಿಚ್ಚಿ ಒಂದು ರೊಟ್ಟಿ ಎತ್ತಿ ಹಿಡಿದು, ಈ ವಯಸ್ಸಿನಲ್ಲೂ ಎಂಥ ಕೈ ನೋಡಿರಿ ಎಂದು ಆಯಿಯನ್ನು ಹೊಗಳಿದಳು. ಆಯಿ ಸೆರಗು ಸರಿಮಾಡಿಕೊಂಡು, ಅದೇನು ದೊಡ್ಡದು ಅನ್ನುವ ಹಾಗೆ ಕತ್ತು ಅಲ್ಲಾಡಿಸಿದಳು. ನನಗೆ ಎಲ್ಲಿಂದ ಬಂತೋ ಸಿಟ್ಟು. ಮನೆಯಲ್ಲಿ ನನಗೆ ಕಲಿಸಿದ್ದು ಒಂದೇ ವಿದ್ಯೆ: ಕಂಡದ್ದನ್ನು ಹೇಳುವುದು. ಎದ್ದು ನಿಂತು ಹೇಳಿದೆ.

"ಆಯಿ ಬಡದಿಲ್ರಿ ಕಾಕು. ನಮ್ಮವ್ವ ಬಡದದ್ದು."

ಅವ್ವನ ಹೆಸರು ಮೇಲಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಪಂಕ್ತಿ ನಿಂತಿತು. ಒಬ್ಬಳು ಬಾಯೊಳಗಿನ ತುತ್ತನ್ನು ಕೈಗೆ ಉಗುಳಿಕೊಂಡಳು. ಗಿರಿಜವ್ವ ಕಾಕು ಅರಿವೆಯ ನಾಲ್ಕು ಮೂಲೆ ಕೂಡಿಸಿ ಗಂಟು ಕಟ್ಟಿ, ಹಿಂದಿನ ಬಾಗಿಲಿಂದ ಒಯ್ದು ಎಮ್ಮೆಗಳ ಮುಂದೆ ಸುರಿದಳು. ಎಮ್ಮೆಗಳು ತಿಂದವು. ಖಡಕ್ ರೊಟ್ಟಿ ಎಮ್ಮೆಯ ಬಾಯಲ್ಲೂ ಕಟಕಟ ಎಂದೇ ಮುರಿಯುತ್ತದೆ, ಆ ಸದ್ದು ಪಂಕ್ತಿಯವರೆಗೆ ಕೇಳುತ್ತಿತ್ತು.

ಮರುದಿನ ಬೆಳಗಿನ ಬಸ್ಸಿಗೆ ಅವ್ವನನ್ನು ತವರಿಗೆ ಕಳಿಸಿದರು. ಒಂದು ಚೀಲ, ಅದರಲ್ಲಿ ಎರಡು ಸೀರೆ ಮತ್ತು ಜರ್ಮನ್ ತಾಟು; ತಾಟನ್ನು ಆಯಿಯೇ ನೆನಪಿಟ್ಟು ಹಾಕಿದಳು. ಅಪ್ಪ ಯರಗಟ್ಟಿಯವರೆಗೆ ಹೋಗಿ ರಾಮದುರ್ಗದ ಬಸ್ಸು ಹತ್ತಿಸಿ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕೂತ. ಹೋಗುವ ಮುಂಚೆ ಅವ್ವ ನನ್ನ ತಲೆ ಬಾಚಿದಳು. ಬೈಯಲಿಲ್ಲ. ಬೈದಿದ್ದರೆ ನನ್ನ ಬದುಕು ಸ್ವಲ್ಪ ಹಗುರಾಗುತ್ತಿತ್ತು. ನಿಧಾನ ಕೈ, ಬಾಚಣಿಗೆ ಒಂದೊಂದು ಕೂದಲಿಗೂ ನಿಂತು ನಿಂತು ಇಳಿಯುತ್ತಿತ್ತು. ಬಸ್ಸು ತಪ್ಪುತ್ತದೆ ಎಂದು ಆಯಿ ಹೊಸ್ತಿಲಿಂದ ಕೂಗುತ್ತಿದ್ದಳು.

ಬೇಸಿಗೆ ಸೂಟಿಗೆ ತೊರಗಲ್ಲಿನ ಮಾಮಾ, ಅಂದರೆ ಅವ್ವನ ತಮ್ಮ, ಬಂದು ನನ್ನನ್ನು ಕರೆದೊಯ್ದ. ಅಲ್ಲಿ ಅವ್ವನನ್ನು ನೋಡಿ ಗುರುತು ಸಿಗಲಿಲ್ಲ. ಕೋಟೆಯ ಕೆಳಗಿನ ಆ ಮನೆಯ ಪಡಸಾಲೆಯಲ್ಲಿ ಕೌದಿಯೊಳಗೆ ಕೂತಿದ್ದಳು, ಮುಖ ಹಿಟ್ಟಿನ ಮುದ್ದೆಯ ಹಾಗೆ. ಉಪ್ಪು ಬೇಕಾದಷ್ಟು ಸಿಗುತ್ತಿತ್ತು, ತಾಟು ಎಲ್ಲರೊಂದಿಗಿತ್ತು, ಆದರೆ ಅವಳು ಯಾವುದಕ್ಕೂ ಏಳುತ್ತಿರಲಿಲ್ಲ. ಮಾಮಾ ಹೆಚ್ಚು ಓದಿದವನಲ್ಲ, ಅವನಿಗಿದ್ದದ್ದು ಒಂದೇ ಗುಣ: ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತಿದ್ದ. ಇದು ನನಗೆ ತಿಳಿಯುವ ರೋಗವಲ್ಲ ಎಂದು ಹೇಳಿ, ನಮ್ಮಿಬ್ಬರನ್ನೂ ರಾಮದುರ್ಗದ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದ.

ಅವ್ವ ಕೈ ಮುಂದೆ ಚಾಚಿದಳು. ಯಾರ ಮುಂದೆ ಹೋದರೂ ಮೊದಲು ಕೈ ತೋರಿಸಿ ರೂಢಿಯಾಗಿತ್ತು. ಡಾಕ್ಟರು ಕೈ ನೋಡಿ ಕೆಳಗಿಟ್ಟು, ಹಿಂದೆ ನಿಂತು ಅವ್ವನ ಕುತ್ತಿಗೆಯ ಮೇಲೆ ಬೆರಳಿಟ್ಟು ನೀರು ನುಂಗಲು ಹೇಳಿದರು. ಕಾಲು ಒತ್ತಿ ನೋಡಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ರಕ್ತ ತೆಗೆದು ಮಿರಜಿಗೆ ಕಳಿಸಿದರು. ಉತ್ತರ ಬಂದ ದಿನ ಮಾಮಾನನ್ನು ಕೂರಿಸಿಕೊಂಡು ತಿಳಿಯುವ ಹಾಗೆ ವಿವರಿಸಿದರು. ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿಯಿದೆ, ಮೈಯ ಒಲೆ ಎಷ್ಟು ಉರಿಯಬೇಕು ಎಂದು ನೋಡಿಕೊಳ್ಳುವುದು ಅದೇ. ಮೈಯೊಳಗೆ ಕಾವಲುಗಾರರಿರುತ್ತಾರೆ, ಹೊರಗಿನ ರೋಗ ಬಂದರೆ ಹೊಡೆಯಲೆಂದು. ಕೆಲವರಲ್ಲಿ ಆ ಕಾವಲುಗಾರರಿಗೆ ದಿಕ್ಕು ತಪ್ಪುತ್ತದೆ, ಮನೆಯವರನ್ನೇ ಕಳ್ಳರೆಂದು ತಿಳಿದು ಹೊಡೆಯುತ್ತಾರೆ. ಚರ್ಮದ ಬಣ್ಣವನ್ನು ಹೊಡೆದರೆ ಬಿಳಿ ಕಲೆ. ಗ್ರಂಥಿಯನ್ನು ಹೊಡೆದರೆ ಹೀಗೆ ಬಾವು, ಚಳಿ, ನಿದ್ದೆ. ಎರಡೂ ಒಬ್ಬರಲ್ಲೇ ಬರುವುದು ಉಂಟು. ಉಪ್ಪು ತಿಂದದ್ದಕ್ಕೂ ಬಿಟ್ಟದ್ದಕ್ಕೂ ಬಂದದ್ದಲ್ಲ, ಮುಟ್ಟಿದರೆ ಹತ್ತುವುದೂ ಅಲ್ಲ.

ಮಾಮಾನಿಗೆ ಅದು ಎಷ್ಟು ತಿಳಿಯಿತೋ, ಮೂಲೆಯಲ್ಲಿ ನಿಂತ ನನಗೆ ಪೂರ್ತಿ ತಿಳಿಯಿತು. ಮನೆಯವರನ್ನೇ ಕಳ್ಳರೆಂದು ಕಾಯುವ ಕಾವಲು ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತು ಆ ಕೆಲಸ ಮಾಡಿದವಳೇ ನಾನು, ಕೂಲಿ ಬೆಲ್ಲ.

ಡಾಕ್ಟರು ಇನ್ನೊಂದು ಕೇಳಿದರು. ಇದು ರಕ್ತಸಂಬಂಧದಲ್ಲಿ ಹರಿಯುತ್ತದೆ. ನಿಮ್ಮ ಮನೆತನದಲ್ಲಿ ಯಾರಿಗಾದರೂ ಕುತ್ತಿಗೆ ಬಾವು, ಮುಂದೆ ಬಂದ ಕಣ್ಣು, ಕೈನಡುಕ, ಸೆಕೆ, ಎಷ್ಟು ಉಂಡರೂ ಸೊರಗುವುದು ಇದೆಯೇ? ಗ್ರಂಥಿ ಕೆಲವರಲ್ಲಿ ಆರುತ್ತದೆ, ಕೆಲವರಲ್ಲಿ ಧಗಧಗ ಉರಿಯುತ್ತದೆ, ಎರಡಕ್ಕೂ ಬೇರು ಒಂದೇ. ಮಾಮಾ ಅವ್ವನ ಮುಖ ನೋಡಿದ. ಅವ್ವ, ನಮ್ಮ ಸೋದರತ್ತಿ ಇದ್ದಾಳೆ ಎಂದಳು.

ಮಾತ್ರೆ ಶುರುವಾಯಿತು, ಸೂಟಿ ಮುಗಿದರೂ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು. ಮಳೆಗಾಲ ಕಳೆಯುವಷ್ಟರಲ್ಲಿ ಬಾವು ಇಳಿಯಿತು, ದನಿ ತಿರುಗಿ ಬಂತು, ಕೌದಿ ಮೂಲೆ ಸೇರಿತು. ಕಲೆ ಹೋಗಲಿಲ್ಲ, ಮುಂಗೈ ಏರಿ ಮೊಣಕೈಯವರೆಗೆ ಬಂತು. ದೀಪಾವಳಿಯ ಮುಂದೆ ಅಪ್ಪ ಕರೆಯಲು ಬಂದ. ಪ್ರೀತಿ ಉಕ್ಕಿ ಬಂದನೆಂದು ನಾನು ಬರೆಯುವುದಿಲ್ಲ. ಆಯಿಯ ರೊಟ್ಟಿ ತಿಂದು ತಿಂದು ಸಾಕಾಗಿರಬೇಕು. ಅವ್ವ ಹೊರಟಳು. ಜರ್ಮನ್ ತಾಟನ್ನು ಮಾಮಾನ ಕೋಳಿಗಳಿಗೆ ಬಿಟ್ಟು ಬಂದಳು.

ಬೈಲಹೊಂಗಲಕ್ಕೆ ಬಂದ ದಿನ ಅವ್ವ ಚೀಲ ಇಳಿಸುವ ಮೊದಲೇ ಹೊಸ್ತಿಲ ಪಕ್ಕ ಕೂತ ಆಯಿಯ ಎದುರು ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಸಾಲೆಯ ಹುಡುಗಿ ಪಾಠ ಒಪ್ಪಿಸುವ ಹಾಗೆ, ಒಂದೂ ಬಿಡದೆ. ಆಮೇಲೆ ಹೇಳಿದಳು.

"ಅತ್ತಿ, ನಿನಗೂ ಅದ ಐತಿ. ಸೆರಗ ತಗದ ಕುತ್ತಿಗಿ ನೋಡಕೋ. ಔಷಧ ಐತ್ಯಂತ, ರಾಮದುರ್ಗಕ್ಕ ಹೋಗೂಣು."

ಆಯಿಯ ಕೈ ಸೆರಗಿಗೆ ಹೋಯಿತು, ಬಿಚ್ಚಲು ಅಲ್ಲ, ಬಿಗಿದುಕೊಳ್ಳಲು. ಆ ಕ್ಷಣ ಅವಳ ಕಣ್ಣಿನಲ್ಲಿ ನಾನು ಮೊದಲ ಸಲ ಹೆದರಿಕೆ ಕಂಡೆ. ಒಪ್ಪಿಕೊಂಡರೆ ಅವ್ವನ ಕೈಮೇಲಿನ ಬಿಳುಪೂ ತನ್ನ ಕುತ್ತಿಗೆಯ ಬಾವೂ ಒಂದೇ ಬೇರಿನದೆಂದು ಒಪ್ಪಬೇಕು; ಬೇವಿನ ಬುಡದ ತಾಟು ತನಗೂ ಸಲ್ಲುತ್ತದೆ ಎಂದು ಒಪ್ಪಬೇಕು.

"ನಮ್ಮ ವಂಶದಾಗ ಇಂಥಾದ್ದಿಲ್ಲ," ಎಂದಳು.

"ನಾ ಯಾರ ವಂಶದಾಕಿ ಅತ್ತಿ?" ಎಂದಳು ಅವ್ವ.

ಅವ್ವ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೇ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ತನಗೆ, ನನಗೆ, ಅಪ್ಪನಿಗೆ ಅಲ್ಲೇ ರೊಟ್ಟಿ. ಆಯಿಗೂ ದಿನಾ ಎರಡು ರೊಟ್ಟಿ ಒಯ್ದು ಹೊಸ್ತಿಲ ಪಕ್ಕ ಇಡುತ್ತಿದ್ದಳು, ಆಯಿ ದಿನಾ ಅವನ್ನು ಬೀದಿಯ ದನಕ್ಕೆ ಹಾಕಿಸುತ್ತಿದ್ದಳು. ತಾನೇ ಬಡಿದುಕೊಂಡ ಹಸಿ ರೊಟ್ಟಿ ಉಂಡಳು. ಎಷ್ಟು ಉಂಡರೂ ಕರಗಿದಳು. ಮಾಮಾ ಎರಡು ಸಲ ಬಂದು ಬೇಡಿಕೊಂಡ, ಹೋಗಲಿಲ್ಲ. ಎರಡನೆಯ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಕೂತಲ್ಲೇ ಬೀಸಣಿಗೆ ಕೈಜಾರಿತು. ಆ ಎದೆ ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮೈ ತೊಳೆಸುವಾಗ ಹೆಂಗಸರು ಸೆರಗು ಬಿಡಿಸಿದರು. ಕುತ್ತಿಗೆಯ ಮುಂದೆ ನಿಂಬೆಹಣ್ಣಿನಷ್ಟು ಎರಡು ಬಾವು. ಯಾರೋ ಬೇಗ ಅರಿವೆ ಮುಚ್ಚಿದರು. ಗಿರಿಜವ್ವ ಕಾಕುವೂ ಅಲ್ಲಿದ್ದಳು, ನೋಡಿದಳು, ನೋಡದ ಹಾಗಿದ್ದಳು.

ಆಯಿಯ ಸಿಟ್ಟೂ ರೋಗದ್ದೇ, ಪಾಪ ಅವಳ ಕೈಯಲ್ಲಿರಲಿಲ್ಲ ಎಂದು ಈಗಿನ ಡಾಕ್ಟರುಗಳು ನನಗೆ ಸಮಾಧಾನ ಹೇಳುತ್ತಾರೆ. ಅವಳ ರಕ್ತ ಪರೀಕ್ಷೆ ಆಗಲೇ ಇಲ್ಲವಾದ್ದರಿಂದ ಖಾತ್ರಿಯಾಗಿ ಹೇಳಲಾಗದು ಎಂದೂ ಸೇರಿಸುತ್ತಾರೆ. ನನಗೆ ಖಾತ್ರಿಯಿದೆ. ನನ್ನ ಎಡ ಮುಂಗೈಯಲ್ಲಿ ರೂಪಾಯಿಯಗಲದ ಬಿಳಿ ಕಲೆ ಇದೆ, ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಅದೇ ಮಾತ್ರೆ ನುಂಗುತ್ತೇನೆ. ಅವ್ವ, ಆಯಿ ಇಬ್ಬರೂ ನನ್ನ ಮೈಯಲ್ಲಿ ಒಟ್ಟಿಗೆ ಬಾಳುವೆ ಮಾಡುತ್ತಿದ್ದಾರೆ. ಆದರೂ ಒಂದು ಮಾತು ಹೇಳುತ್ತೇನೆ. ಗ್ರಂಥಿ ಕೈ ನಡುಗಿಸಬಹುದು, ಎದೆ ಬಡಿಸಬಹುದು, ಬೈಗುಳ ಆಡಿಸಬಹುದು. ತಾಟನ್ನು ಬೇವಿನ ಬುಡಕ್ಕಿಡು ಎಂದು ಯಾವ ಗ್ರಂಥಿಯೂ ಹೇಳಿಕೊಡುವುದಿಲ್ಲ. ಇನ್ನು ಆಯಿಗೆ ಗ್ರಂಥಿಯಾದರೂ ಇತ್ತು. ಕಟ್ಟೆಯ ಮೇಲೆ ಕೂತ ನಮ್ಮಪ್ಪನಿಗೆ ಏನಾಗಿತ್ತು?

ಆಯಿಯ ಹೆಸರಿನಲ್ಲಿ ಓಣಿಗೆ ಊಟ ಹಾಕುವ ದಿನ ಬಂತು. ಹಿಟ್ಟನ್ನು ಮನೆಮನೆಗೆ ಹಂಚಲು ಅಪ್ಪ ಗಿರಣಿಯಿಂದ ಚೀಲ ಹೊರಿಸಿ ತಂದ. ಅವ್ವ ಚೀಲದ ಬಾಯಿ ಹಿಡಿದು ನಿಂತಳು. ಯಾರ ಮನೆಗೂ ಹಿಟ್ಟು ಹೋಗುವುದಿಲ್ಲ, ಎಲ್ಲ ರೊಟ್ಟಿ ತಾನೇ ಬಡಿಯುವುದಾಗಿ ಹೇಳಿದಳು. ಒಲೆಯನ್ನು ಪಡಸಾಲೆಗೆ ತಂದು, ಮುಂಬಾಗಿಲಿನ ಎರಡೂ ಕದ ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈಯವರೆಗೆ ಬೆಳ್ಳಗಿದ್ದ ಕೈಯಿಂದ ಮೂರು ದಿನ ಬಡಿದಳು. ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡಿ ಹೋದರು. ಊಟದ ದಿನ ಮೊದಲ ಎರಡು ರೊಟ್ಟಿಯನ್ನು ಎಡೆಗೆ, ಆಯಿ ಕೂರುತ್ತಿದ್ದ ಹೊಸ್ತಿಲ ಪಕ್ಕವೇ ಇಟ್ಟು, ಮೇಲೊಂದು ಚಿಟಿಕೆ ಉಪ್ಪು ಹಾಕಿದಳು.

ಪಂಕ್ತಿ ಕೂತಿತು. ಬಡಿಸುತ್ತಿದ್ದವಳು ನಾನು. ಗಿರಿಜವ್ವ ಕಾಕು ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅವ್ವನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಮೂರು ದಿನ ಬೀದಿಯಿಂದ ನೋಡಿದವಳು, ಗೊತ್ತಿದ್ದೇ ಕೇಳಿದಳು.

"ಯಾರ ಬಡದದ್ದವಾ ಇವು?"

ಹಿಂದೆ ಒಮ್ಮೆ ಇದೇ ಮಾತು ಹೇಳಿ ಅವ್ವನನ್ನು ಬಸ್ಸು ಹತ್ತಿಸಿದ್ದೆ. ಅವ್ವ ಒಲೆಯ ಮುಂದಿನಿಂದ ನನ್ನನ್ನೇ ನೋಡುತ್ತಿದ್ದಳು, ದವಡೆ ಹಿಡಿಸಿಕೊಂಡ ದಿನ ನೋಡಿದ ಹಾಗೆ.

"ನಮ್ಮವ್ವ ಬಡದದ್ದ್ರಿ," ಎಂದೆ.

"ಹಸಿವಿದ್ದವ್ರು ಉಣ್ರಿ," ಅವ್ವ ಕೂತಲ್ಲಿಂದಲೇ ಹೇಳಿದಳು. "ಇಲ್ಲದವ್ರು ಏಳ್ರಿ. ಈ ಮನ್ಯಾಗ ಎಮ್ಮಿ ಇಲ್ಲ."

ಗಿರಿಜವ್ವ ಕಾಕು ಎದ್ದಳು. ಅವಳೊಬ್ಬಳೇ ಎದ್ದಳು. ಉಳಿದವರು ತಲೆ ತಗ್ಗಿಸಿ ರೊಟ್ಟಿ ಮುರಿದರು. ಪ್ರೀತಿಯಿಂದಲ್ಲ, ಅವ್ವನ ಹೆದರಿಕೆಗೆ. ನಮಗೆ ಅಷ್ಟೇ ಸಾಕಿತ್ತು. ಅವ್ವ ಎದ್ದು ಬಂದು ಗಿರಿಜವ್ವನ ಜಾಗದಲ್ಲಿ ನನ್ನ ಭುಜ ಒತ್ತಿ ಕೂರಿಸಿ, ಮುಟ್ಟದೆ ಬಿಟ್ಟುಹೋದ ಆ ತಾಟನ್ನು ನನ್ನ ಮುಂದೆ ಸರಿಸಿದಳು. ಊಟ ಮುಗಿಯುವವರೆಗೆ ಪಕ್ಕದಲ್ಲೇ ನಿಂತು ನಾನು ಏನೇನು ತಿನ್ನುತ್ತೇನೆಂದು ನೋಡಿದಳು. ಒಂದು ಚೂರೂ ಬಿಡದೆ ಉಂಡೆ.